ಬಿಡದ ಬ್ರೇಕು, ಹಾಳಾಗುವ ಗಾಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ರೈಲಿನ ಗಾಳಿ ಬ್ರೇಕಿನ ಬಗ್ಗೆ ಹೋದ ತಿಂಗಳು ಎರಡು ಮಾತು ಬರೆದಿದ್ದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಸುತ್ತ ಇವೆ: ಹಾಕಿದ ಬ್ರೇಕು ಪೂರ್ತಿ ಬಿಡದೆ ಗಾಡಿ ಓಡಿದರೆ ಗಾಲಿಗೆ ಏನಾಗುತ್ತದೆ? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಗೂಡ್ಸ್ ಗಾಡಿ ಹೋಗುವಾಗ ಎಲ್ಲ ವ್ಯಾಗನ್‌ಗಳೂ ಒಂದೇ ರೀತಿ ಸದ್ದು ಮಾಡುತ್ತವೆ, ನಡುವೆ ಒಂದು ಮಾತ್ರ ಟಕ ಟಕ ಟಕ ಎಂದು ಸುತ್ತಿಗೆಯಲ್ಲಿ ಹೊಡೆದ ಹಾಗೆ ಬಡಿಯುತ್ತದೆ. ಗಾಲಿ ಚಪ್ಪಟೆಯಾಗಿದೆ ಎಂದು ಯಾರೋ ಹೇಳಿದರು. ಗಟ್ಟಿ ಉಕ್ಕಿನ ಗಾಲಿ ಚಪ್ಪಟೆಯಾಗುವುದು ಹೇಗೆ?

ಅವರು ಹೇಳಿದ್ದು ನಿಜ. ರೈಲಿನವರು ಇದನ್ನು ಫ್ಲಾಟ್ ಅಂತಾರೆ.

ಗಾಡಿ ಓಡುತ್ತಿದೆ, ಆದರೆ ಒಂದು ಜೋಡಿ ಗಾಲಿಯ ಬ್ರೇಕು ಹಿಡಿದುಕೊಂಡೇ ಇದೆ. ಗಾಲಿ ತಿರುಗುವುದು ನಿಂತುಹೋಯಿತು ಎಂದರೆ ಅದು ಹಳಿಯ ಮೇಲೆ ಉರುಳುವುದಿಲ್ಲ, ಜಾರುತ್ತದೆ. ಗಾಲಿಗೂ ಹಳಿಗೂ ತಾಗುವ ಜಾಗ ತುಂಬ ಚಿಕ್ಕದು, ಸುಮಾರು 1 ಚದರ ಸೆಂಟಿಮೀಟರ್ ಅಷ್ಟೇ. ಉಜ್ಜಾಟದ ಬಿಸಿಯೆಲ್ಲ ಅಲ್ಲೇ ಸೇರುತ್ತದೆ, ಉಕ್ಕು ಅಲ್ಲೇ ಸವೆಯುತ್ತದೆ. ಕೆಲವೇ ಸೆಕೆಂಡು ಜಾರಿದರೂ ದುಂಡಗಿದ್ದ ಕಡೆ ಒಂದು ಚಪ್ಪಟೆ ಮಚ್ಚೆ ಬಿದ್ದಿರುತ್ತದೆ.

ಈಗ ಒಂದು ಚಿಕ್ಕ ಲೆಕ್ಕ. 915 ಮಿಲಿಮೀಟರ್ ಅಡ್ಡಳತೆಯ ಗಾಲಿ, ಅದರ ಮೇಲೆ 60 ಮಿಲಿಮೀಟರ್ ಉದ್ದದ ಫ್ಲಾಟ್ ಎಂದಿಟ್ಟುಕೊಳ್ಳಿ. ಅದರ ಆಳ 1 ಮಿಲಿಮೀಟರಿಗಿಂತ ಚೂರು ಕಡಿಮೆ! ಕಣ್ಣಿಗೆ ಕಾಣುವುದೂ ಕಷ್ಟ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಈ ಗಾಲಿ ಸೆಕೆಂಡಿಗೆ ಸುಮಾರು 6 ಸುತ್ತು ಸುತ್ತುತ್ತದೆ, ಸುತ್ತಿಗೊಂದು ಏಟಿನಂತೆ ಸೆಕೆಂಡಿಗೆ 6 ಏಟು ಹಳಿಯ ಮೇಲೆ ಬೀಳುತ್ತದೆ. ನಿಮಗೆ ಕೇಳಿಸುವುದು ಅದೇ. ಅಮೆರಿಕದಲ್ಲಿ ಹಳಿಯ ಪಕ್ಕ ಈ ಏಟನ್ನು ಅಳೆಯುವ ಯಂತ್ರಗಳಿವೆ. ಏಟು 90,000 ಪೌಂಡ್, ಅಂದರೆ ಸುಮಾರು 40 ಟನ್ ಮುಟ್ಟಿದರೆ ಆ ಗಾಲಿ ತೆಗೆದುಹಾಕಲು ಅಲ್ಲಿನ ರೈಲು ಉದ್ಯಮದ ನಿಯಮ ಅವಕಾಶ ಕೊಡುತ್ತದೆ. ಅಲ್ಲಿನ ಪೂರ್ತಿ ತುಂಬಿದ ದೊಡ್ಡ ವ್ಯಾಗನ್ ನಿಂತಲ್ಲಿ ಒಂದು ಗಾಲಿಯ ಮೇಲೆ ಹೇರುವ ಭಾರ ಸುಮಾರು 16 ಟನ್. ಒಂದು ಮಿಲಿಮೀಟರ್ ಆಸುಪಾಸಿನ ತಗ್ಗು ಏನು ಮಾಡಬಲ್ಲದು ನೋಡಿ. ಹಳಿ, ಹಳಿಯ ಕೆಳಗೆ ಅಡ್ಡಲಾಗಿ ಹಾಸಿದ ಸ್ಲೀಪರ್, ಗಾಲಿಯ ಬೇರಿಂಗ್, ವ್ಯಾಗನ್‌ನಲ್ಲಿರುವ ಸರಕು, ಎಲ್ಲವೂ ಆ ಏಟು ತಿನ್ನುತ್ತವೆ.

ಇನ್ನೊಂದು ಮಾತು. ಹೊಸ ಫ್ಲಾಟಿನ ಅಂಚು ಚೂಪಾಗಿರುತ್ತದೆ, ಓಡಾಡಿದ ಹಾಗೆ ಅಂಚು ಬಡಿದು ಬಡಿದು ದುಂಡಗಾಗುತ್ತದೆ. ಆಗ ಸದ್ದು ಸ್ವಲ್ಪ ಮೆತ್ತಗಾಗಬಹುದು. ಹಾಗಂತ ಗಾಲಿ ಸರಿಹೋಯಿತು ಎಂದಲ್ಲ. ಫ್ಲಾಟ್ ಇನ್ನಷ್ಟು ಉದ್ದವಾಗಿದೆ ಎಂದರ್ಥ.

ಪ್ರಶ್ನೆ: ಚಪ್ಪಟೆಯಾದ ಜಾಗದಿಂದ ಉಕ್ಕಿನ ಚೂರುಗಳು ಸಿಪ್ಪೆಯಂತೆ ಎದ್ದು ಹೋಗಿರುವ ಚಿತ್ರ ನೋಡಿದೆ. ಸವೆದರೆ ನುಣ್ಣಗಾಗಬೇಕು, ಅಲ್ವಾ? ಕಿತ್ತು ಯಾಕೆ ಬರುತ್ತದೆ?

ಗಾಲಿ ಜಾರುವಾಗ ಆ ಚಿಕ್ಕ ಜಾಗದ ಬಿಸಿ 730 ಡಿಗ್ರಿ ಸೆಲ್ಸಿಯಸ್ ದಾಟಿಬಿಡಬಹುದು. ಆ ಬಿಸಿಯಲ್ಲಿ ಉಕ್ಕಿನ ಒಳಗಿನ ಕಟ್ಟೇ ಬದಲಾಗುತ್ತದೆ. ಬಿಸಿಯಾದದ್ದು ಮೇಲಿನ ತೆಳು ಪದರ ಮಾತ್ರ, ಅದರ ಹಿಂದೆ ನೂರಾರು ಕಿಲೋ ತಣ್ಣನೆಯ ಉಕ್ಕು ಇದೆ. ಗಾಲಿ ಮತ್ತೆ ತಿರುಗಿದ ತಕ್ಷಣ ಆ ತಣ್ಣನೆ ಉಕ್ಕು ಬಿಸಿಯನ್ನು ಒಂದೇ ಸಲಕ್ಕೆ ಹೀರಿಕೊಳ್ಳುತ್ತದೆ. ಕಮ್ಮಾರ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಆಗುವುದೂ ಇದೇ. ಆ ಪದರ ಮಾರ್ಟೆನ್ಸೈಟ್ ಆಗುತ್ತದೆ. ಇದು ವಿಪರೀತ ಗಟ್ಟಿ, ಅಷ್ಟೇ ಪೆಡಸು. ಪ್ರತಿ ಸುತ್ತಿನಲ್ಲೂ ಟನ್‌ಗಟ್ಟಲೆ ಭಾರ ಅದರ ಮೇಲೆ ಬೀಳುವಾಗ ಬಗ್ಗಲು ಬಾರದೆ ಬಿರುಕು ಬಿಡುತ್ತದೆ. ಬಿರುಕುಗಳು ಒಂದಕ್ಕೊಂದು ಸೇರಿದಾಗ ಚೂರು ಎದ್ದುಹೋಗುತ್ತದೆ. ಕೆಳಗೆ ಉಳಿದ ಗುಂಡಿಯ ಅಂಚು ಹಳಿಗೆ ಬಡಿಯುತ್ತದೆ, ಅದರಿಂದ ಇನ್ನಷ್ಟು ಕೀಳುತ್ತದೆ.

ಪ್ರಶ್ನೆ: ಚಾಲಕ ಬ್ರೇಕು ಬಿಟ್ಟ ಮೇಲೆ ಒಂದೆರಡು ವ್ಯಾಗನ್‌ನಲ್ಲಿ ಮಾತ್ರ ಯಾಕೆ ಸಿಕ್ಕಿಕೊಳ್ಳಬೇಕು? ಎಲ್ಲಕ್ಕೂ ಒಂದೇ ಪೈಪು ತಾನೇ?

ಪೈಪು ಒಂದೇ. ಆದರೆ ಬ್ರೇಕು ಹಾಕುವ ಗಾಳಿ ಪ್ರತಿ ವ್ಯಾಗನ್‌ನ ಸ್ವಂತ ಟ್ಯಾಂಕಿನಲ್ಲಿರುತ್ತದೆ. ಇದು 1872ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೂಪಿಸಿದ ವಿಧಾನ, ಇವತ್ತಿಗೂ ಮೂಲ ಅದೇ. ಉದ್ದಕ್ಕೂ ಹೋಗುವ ಬ್ರೇಕ್ ಪೈಪಿನಲ್ಲಿ ಗಾಳಿ ತುಂಬಿದ್ದರೆ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಇಳಿದರೆ ಹಿಡಿಯುತ್ತದೆ. ಗಾಡಿ ನಡುವೆ ತುಂಡಾದರೂ ಪೈಪು ಒಡೆದರೂ ಬ್ರೇಕು ತಾನಾಗಿ ಬೀಳಲಿ ಎಂಬುದಕ್ಕೇ ಈ ಏರ್ಪಾಡು. ಜೀವ ಉಳಿಸುವ ಏರ್ಪಾಡು ಇದು. ಆದರೆ ಇದೇ ಕಾರಣಕ್ಕೆ, ಚಿಕ್ಕಪುಟ್ಟ ತೊಂದರೆಗಳಲ್ಲಿ ಹಲವು ಬ್ರೇಕು ಹಿಡಿಯುವ ಕಡೆಗೇ ವಾಲುತ್ತವೆ.

ನನಗೆ ಎಲ್ಲಕ್ಕಿಂತ ಕುತೂಹಲದ ಕಾರಣ ಇದು. ಹಲವು ದೇಶಗಳಲ್ಲಿ ಬ್ರೇಕ್ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋ ಇರುತ್ತದೆ. ಪ್ರತಿ ವ್ಯಾಗನ್‌ನಲ್ಲಿ ಡಿಸ್ಟ್ರಿಬ್ಯೂಟರ್ ವಾಲ್ವ್ ಎಂಬ ಸಾಧನವಿದೆ, ಅದರ ಜೊತೆಗೊಂದು ಕಂಟ್ರೋಲ್ ಟ್ಯಾಂಕು ಇದೆ. ವಾಲ್ವು ಸದಾ ಈ ಟ್ಯಾಂಕಿನ ಒತ್ತಡವನ್ನೂ ಪೈಪಿನ ಒತ್ತಡವನ್ನೂ ಹೋಲಿಸುತ್ತಿರುತ್ತದೆ. ಪೈಪಿನಲ್ಲಿ ಕಡಿಮೆಯಾದರೆ ಬ್ರೇಕು ಹಾಕು ಎಂದರ್ಥ. ಈಗ ಮೊದಲ ಎಂಜಿನ್ನು ಸ್ವಲ್ಪ ಜಾಸ್ತಿ, 5.3ರವರೆಗೆ ತುಂಬಿಸಿತ್ತು ಎನ್ನಿ. ಎಂಜಿನ್ ಬದಲಾಯಿತು. ಹೊಸದು ಸರಿಯಾಗಿ 5ಕ್ಕೇ ತುಂಬಿಸುತ್ತದೆ. ವ್ಯಾಗನ್‌ನ ಕಂಟ್ರೋಲ್ ಟ್ಯಾಂಕಿನಲ್ಲಿ ಇನ್ನೂ 5.3 ಇದೆ. ಪೈಪಿನಲ್ಲಿ 0.3 ಇಳಿದಿದೆ ಎಂದುಕೊಂಡು ವಾಲ್ವು ಬ್ರೇಕನ್ನು ಹಗುರಾಗಿ ಹಿಡಿದೇ ಇಡುತ್ತದೆ. ಹೊಸ ಚಾಲಕನ ಮುಂದಿನ ಗೇಜಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ! ಯಾವ ಭಾಗವೂ ಕೆಟ್ಟಿಲ್ಲ, ಆದರೂ ಬ್ರೇಕು ಉಜ್ಜುತ್ತಿದೆ. ಇದಕ್ಕೇ ಎಂಜಿನ್ ಬದಲಿಸಿದ ಮೇಲೆ ವ್ಯಾಗನ್ ವ್ಯಾಗನ್‌ಗೂ ಹೋಗಿ ರಿಲೀಸ್ ವಾಲ್ವಿನ ಸರಳು ಎಳೆದು ಆ ಹೆಚ್ಚಿನ ಗಾಳಿ ಬಿಡುವುದು. ಈ ಕೆಲಸ ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ.

ಉಳಿದ ಕಾರಣಗಳು ಸರಳ. ಪೈಪಿನ ಜೋಡಣೆಯಲ್ಲಿ ಗಾಳಿ ಸೋರಿದರೆ ಬಾಲದ ಕಡೆ ಒತ್ತಡ ಪೂರ್ತಿ ಏರುವುದಿಲ್ಲ. ಗಾಡಿ ಉದ್ದವಿದ್ದಷ್ಟೂ ಬಿಡುವ ಸಂದೇಶ ಕೊನೆಯ ವ್ಯಾಗನ್ ಮುಟ್ಟುವುದು ತಡ, ಅಷ್ಟರಲ್ಲಿ ಮುಂದಿನಿಂದ ಎಳೆದರೆ ಹಿಂದಿನವು ಬ್ರೇಕು ಹಿಡಿದೇ ಹೊರಡುತ್ತವೆ. ಗಾಳಿಯ ಬಲದಿಂದ ಬ್ರೇಕು ಒತ್ತುವ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಹಿಂದಕ್ಕೆ ಬರದಿರಬಹುದು, ಸರಳುಗಳ ಪಿನ್ನು ಬಿಗಿದಿರಬಹುದು. ಚಳಿಯಲ್ಲಿ ರಬ್ಬರಿನ ಸೀಲುಗಳು ಗಟ್ಟಿಯಾಗಿ ಸೋರಿಕೆ ಹೆಚ್ಚುತ್ತದೆ.

ಮತ್ತೆ, ಹ್ಯಾಂಡ್ ಬ್ರೇಕು. ನಿಲ್ಲಿಸಿದ ವ್ಯಾಗನ್ ಉರುಳದಿರಲಿ ಎಂದು ಚಕ್ರ ತಿರುಗಿಸಿ ಬಿಗಿದಿರುತ್ತಾರೆ. ಹೊರಡುವಾಗ ಬಿಚ್ಚಲು ಮರೆತರೆ ಗಾಳಿಯ ಬ್ರೇಕು ಎಷ್ಟು ಚೆನ್ನಾಗಿ ಬಿಟ್ಟರೂ ಪ್ರಯೋಜನವಿಲ್ಲ, ಅದು ಬೇರೆಯೇ ಸರಪಳಿಯಿಂದ ಹಿಡಿದಿದೆ. ತಡೆಯಲು ಇಷ್ಟು ಸುಲಭವಾದದ್ದು ಇಷ್ಟು ಗಾಲಿ ಹಾಳು ಮಾಡುತ್ತದಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಪ್ರಶ್ನೆ: ಖಾಲಿ ವ್ಯಾಗನ್‌ಗಳಲ್ಲೇ ಫ್ಲಾಟ್ ಜಾಸ್ತಿ ಎನ್ನುತ್ತಾರೆ. ಭಾರ ಇದ್ದರೆ ತಾನೇ ಸವೆತ ಜಾಸ್ತಿ ಆಗಬೇಕು?

ಹಾಗಲ್ಲ. ಗಾಲಿ ತಿರುಗುತ್ತಿರಲು ಹಳಿಯ ಹಿಡಿತ ಬೇಕು, ಆ ಹಿಡಿತ ಬರುವುದು ಭಾರದಿಂದ. ಖಾಲಿ ಇದ್ದಾಗ 22 ಟನ್, ತುಂಬಿದಾಗ 90 ಟನ್ ತೂಗುವ 8 ಗಾಲಿಯ ವ್ಯಾಗನ್ ತೆಗೆದುಕೊಳ್ಳಿ. ಖಾಲಿಯಲ್ಲಿ ಗಾಲಿಗೆ 3 ಟನ್ ಕೂಡ ಬೀಳುವುದಿಲ್ಲ, ತುಂಬಿದಾಗ 11 ಟನ್ ದಾಟುತ್ತದೆ. ಬ್ರೇಕಿನ ಬಲ ಎರಡಕ್ಕೂ ಒಂದೇ ಇದ್ದರೆ ಖಾಲಿ ವ್ಯಾಗನ್‌ನ ಗಾಲಿ ಥಟ್ಟನೆ ನಿಂತುಬಿಡುತ್ತದೆ. ಅದಕ್ಕೇ ಖಾಲಿ ಮತ್ತು ಲೋಡ್ ಎಂದು ಬದಲಿಸುವ ಹಿಡಿಕೆ ಇರುವುದು. ಅದನ್ನು ಲೋಡ್ ಕಡೆಗೇ ಬಿಟ್ಟು ಖಾಲಿ ಓಡಿಸಿದರೆ ಫ್ಲಾಟ್ ಬೀಳುವ ಸಂಭವ ತುಂಬಾ. ಹಳಿ ಒದ್ದೆಯಾಗಿದ್ದರೆ, ಎಲೆ ಕೊಳೆತು ಅಂಟಿದ್ದರೆ ಇನ್ನೂ ಸುಲಭ.

ಒಮ್ಮೆ ನಿಂತ ಗಾಲಿ ಸುಲಭಕ್ಕೆ ಮತ್ತೆ ತಿರುಗುವುದಿಲ್ಲ ಎಂಬುದೂ ನೆನಪಿರಲಿ. 2022ರ ಅಕ್ಟೋಬರ್ 19ರಂದು ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ, ಪೆಟೆರಿಲ್ ಬ್ರಿಜ್ ಜಂಕ್ಷನ್ ಎಂಬಲ್ಲಿ ಸಿಮೆಂಟ್ ಪುಡಿಯ ಗೂಡ್ಸ್ ಗಾಡಿ ಹಳಿ ತಪ್ಪಿತು. ಒಂದು ವ್ಯಾಗನ್ ನದಿಗೇ ಬಿತ್ತು. ಬ್ರಿಟನ್ನಿನ ರೈಲು ಅಪಘಾತ ತನಿಖೆಯವರು ಕಂಡುಕೊಂಡದ್ದು ಇದು: ಒಂದು ಜೋಡಿ ಗಾಲಿ ಹತ್ತಾರು ಮೈಲಿ ಹಿಂದೆಯೇ ತಿರುಗುವುದನ್ನು ನಿಲ್ಲಿಸಿತ್ತು. ಬ್ರೇಕು ಕೆಟ್ಟಿದ್ದೇ ಆಗಬೇಕಿಲ್ಲ. ಹಳಿಯ ಹಿಡಿತ ಕಡಿಮೆ ಇದ್ದ ಕಡೆ ಮಾಮೂಲಿ ಬ್ರೇಕು ಹಾಕಿದಾಗ ನಿಂತದ್ದು ಮತ್ತೆ ತಿರುಗಲೇ ಇಲ್ಲ. ಅಷ್ಟು ದೂರ ಜಾರಿದ ಗಾಲಿಯ ಆಕಾರವೇ ಕೆಟ್ಟಿತ್ತು. ಹೀಗೆ ಸವೆದ ಗಾಲಿಯಲ್ಲಿ ಹಳಿ ತಾಗುವ ಭಾಗ ತಗ್ಗಾಗಿ ಹೊರ ಅಂಚು ಕೆಳಗೆ ಇಳಿಬೀಳುತ್ತದೆ. ನೇರ ಹಳಿಯಲ್ಲಿ ಹೇಗೋ ನಡೆಯುತ್ತದೆ, ಹಳಿ ಕವಲೊಡೆಯುವ ಪಾಯಿಂಟ್ ಬಂದಾಗ ಆ ಅಂಚು ಬೇರೆ ಹಳಿಗೆ ಸಿಕ್ಕಿ ಗಾಲಿಯನ್ನು ಮೇಲೆತ್ತಬಲ್ಲದು. ಅಲ್ಲೂ ಗಾಡಿ ದಾರಿ ತಪ್ಪಿದ್ದು ಪಾಯಿಂಟ್ ದಾಟುವಾಗಲೇ.

ಪ್ರಶ್ನೆ: ಚಾಲಕನಿಗೆ ಎಳೆತದಲ್ಲಿ ಗೊತ್ತಾಗುವುದಿಲ್ಲವೇ?

ಇಲ್ಲ. 4,500 ಟನ್‌ನ ಗಾಡಿ 200ಕ್ಕೆ 1ರ, ಅಂದರೆ 200 ಮೀಟರಿಗೆ 1 ಮೀಟರ್ ಏರುವ ಸಣ್ಣ ಏರು ಹತ್ತಲು ಏರಿಗೇ 22 ಟನ್‌ಗಿಂತ ಜಾಸ್ತಿ ಎಳೆತ ಬೇಕು. ಒಂದು ವ್ಯಾಗನ್‌ನ 8 ಗಾಲಿಯ ಬ್ರೇಕೂ ತಲಾ 200 ಕಿಲೋ ತಡೆಯುತ್ತಿದ್ದರೂ ಒಟ್ಟು 1.6 ಟನ್ ಅಷ್ಟೇ. ಅದು ಏರಿಳಿತದಲ್ಲೇ ಕರಗಿಹೋಗುತ್ತದೆ. ಚಾಲಕನನ್ನು ದೂರಬೇಡಿ.

ಪ್ರಶ್ನೆ: ಗಾಲಿ ನಿಲ್ಲಲಿಲ್ಲ, ತಿರುಗುತ್ತಲೇ ಇತ್ತು, ಬ್ರೇಕು ಸ್ವಲ್ಪ ಉಜ್ಜುತ್ತಿತ್ತು ಅಷ್ಟೇ. ಫ್ಲಾಟ್ ಇಲ್ಲ, ಸದ್ದೂ ಇಲ್ಲ. ಅಂಥ ಗಾಲಿಯನ್ನೂ ಬದಲಾಯಿಸಬೇಕು ಎನ್ನುತ್ತಾರಲ್ಲ, ಇದು ಅತಿಯಾಯಿತಲ್ಲವೇ?

ಅತಿ ಅಲ್ಲ. ಈ ತಿಂಗಳ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು, ಸ್ವಲ್ಪ ನಿಧಾನವಾಗಿ ಓದಿ.

ಫ್ಲಾಟ್ ಬಿದ್ದ ಗಾಲಿ ತಾನೇ ಕೂಗಿ ಹೇಳುತ್ತದೆ. ಉಜ್ಜುತ್ತಾ ತಿರುಗಿದ ಗಾಲಿ ಏನೂ ಹೇಳುವುದಿಲ್ಲ. ನನ್ನ ಪ್ರಕಾರ ಎರಡರಲ್ಲಿ ಹೆಚ್ಚು ಭಯಪಡಬೇಕಾದದ್ದು ಈ ಎರಡನೆಯದಕ್ಕೇ.

ಒಂದು ಗಾಲಿಗೆ 200 ಕಿಲೋ ತಡೆ, ವೇಗ ಗಂಟೆಗೆ 60 ಕಿಲೋಮೀಟರ್. ಇಷ್ಟಕ್ಕೇ ಹುಟ್ಟುವ ಬಿಸಿ 33 ಕಿಲೋವಾಟ್ ಆಸುಪಾಸು. ಅದು ಬ್ರೇಕ್ ಬ್ಲಾಕಿಗೂ, ಅಂದರೆ ಗಾಲಿಯ ಮೈಗೆ ಒತ್ತಿ ಉಜ್ಜುವ ತುಂಡಿಗೂ, ಗಾಲಿಗೂ ಹಂಚಿಹೋಗುತ್ತದೆ. ಈಗ ಬಳಸುವ, ಹಲವು ವಸ್ತು ಬೆರೆಸಿ ಮಾಡಿದ ಕಾಂಪೋಸಿಟ್ ಬ್ಲಾಕುಗಳು ಎರಕದ ಕಬ್ಬಿಣದ ಹಳೆಯ ಬ್ಲಾಕುಗಳಷ್ಟು ಬಿಸಿ ಒಯ್ಯುವುದಿಲ್ಲ, ಹಾಗಾಗಿ ಗಾಲಿಯ ಪಾಲೇ ದೊಡ್ಡದು. ನಿಲ್ದಾಣದಲ್ಲಿ ನಿಲ್ಲಿಸಲು ಬ್ರೇಕು ಹಾಕಿದರೆ ಅದು ಒಂದೆರಡು ನಿಮಿಷದ ಮಾತು, ಮತ್ತೆ ತಣಿಯುತ್ತದೆ. ಸಿಕ್ಕಿಕೊಂಡ ಬ್ರೇಕು ಗಂಟೆಗಟ್ಟಲೆ ಕಾಯಿಸುತ್ತಲೇ ಹೋಗುತ್ತದೆ.

ಈಗ ಗಾಲಿಯ ಒಳಗೆ ಏನಾಗುತ್ತದೆ ನೋಡೋಣ. ಗಾಲಿ ತಯಾರಿಸುವಾಗ ಕಾದ ಗಾಲಿಯ ಸುತ್ತಿನ ರಿಮ್ಮಿಗೆ ಮಾತ್ರ ನೀರು ಚಿಮ್ಮಿಸಿ ಬೇಗ ತಣಿಸುತ್ತಾರೆ. ಆಮೇಲೆ ನಡುವಿನ ಭಾಗ ನಿಧಾನಕ್ಕೆ ತಣಿದು ಕುಗ್ಗುವಾಗ ರಿಮ್ಮನ್ನು ಒಳಕ್ಕೆ ಎಳೆದು ಬಿಗಿ ಮಾಡುತ್ತದೆ. ಹೀಗೆ ಹೊಸ ಗಾಲಿಯ ರಿಮ್ಮು ಹುಟ್ಟಿನಿಂದಲೇ ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ. ಅಲ್ಲೊಂದು ಸಣ್ಣ ಬಿರುಕು ಬಂದರೂ ಈ ಒತ್ತು ಅದನ್ನು ಮುಚ್ಚಿ ಹಿಡಿಯುತ್ತದೆ, ಬೆಳೆಯಲು ಬಿಡುವುದಿಲ್ಲ. ಇದು ಗಾಲಿಯ ರಕ್ಷಾಕವಚ.

ಬ್ರೇಕು ಗಂಟೆಗಟ್ಟಲೆ ಉಜ್ಜಿದಾಗ ರಿಮ್ಮು ಕಾದು ಹಿಗ್ಗಲು ನೋಡುತ್ತದೆ. ನಡುವಿನ ತಟ್ಟೆ ಇನ್ನೂ ಅಷ್ಟು ಬಿಸಿಯಾಗಿಲ್ಲ, ಅದು ಹಿಗ್ಗಲು ಬಿಡುವುದಿಲ್ಲ. ಕಾದು ಮೆತ್ತಗಾದ ಉಕ್ಕು ಆ ಇಕ್ಕಟ್ಟಿನಲ್ಲಿ ಶಾಶ್ವತವಾಗಿ ಕುಗ್ಗಿಕೊಳ್ಳುತ್ತದೆ. ಆಮೇಲೆ ಬ್ರೇಕು ಬಿಡುತ್ತದೆ, ಗಾಲಿ ತಣಿಯುತ್ತದೆ. ಈಗ ರಿಮ್ಮು ತನ್ನ ಜಾಗಕ್ಕೆ ಗಿಡ್ಡವಾಗಿದೆ. ಹಾಗಾಗಿ ಜಗ್ಗಿ ಹಿಡಿದ ಸ್ಥಿತಿಗೆ ಬರುತ್ತದೆ. ಒತ್ತು ಹೋಗಿ ಎಳೆತ ಬಂತು. ಬಿರುಕನ್ನು ಮುಚ್ಚಿ ಹಿಡಿಯುತ್ತಿದ್ದ ಬಲವೇ ಈಗ ಅದನ್ನು ಬಿಡಿಸುವ ಬಲವಾಯಿತು! ಗಮನಿಸಿ, ಗಾಲಿ ಕೆಂಪಗೆ ಕಾದಿದ್ದ ಹೊತ್ತಿಗಿಂತ ತಣ್ಣಗಾದ ಮೇಲೆ ಅಪಾಯ ಜಾಸ್ತಿ. ಮರುದಿನ ಬೆಳಿಗ್ಗೆ ಕೈ ಇಟ್ಟು ನೋಡಿ ಬಿಸಿ ಇಲ್ಲ, ಸರಿಯಾಗಿದೆ ಎಂದು ಬಿಡುವ ಗಾಲಿಯೇ ಅದು. ಮುಂದೆ ಯಾವಾಗಲೋ, ಉಷ್ಣದಿಂದ ಹುಟ್ಟಿದ ಒಂದು ಸಣ್ಣ ಬಿರುಕು ಒಂದೇ ಏಟಿಗೆ ರಿಮ್ಮು ಸೀಳಿ ತಟ್ಟೆಯವರೆಗೂ ಹೋಗಬಹುದು.

ಎಲ್ಲ ಗಾಲಿಗೂ ಹೀಗಾಗುವುದಿಲ್ಲ. ನಡುವಿನ ತಟ್ಟೆಯನ್ನು ಬಾಗಿಸಿ ಮಾಡಿದ ಈಗಿನ ಗಾಲಿಗಳಲ್ಲಿ ತಟ್ಟೆ ಸ್ವಲ್ಪ ಬಗ್ಗಿ ರಿಮ್ಮಿಗೆ ಹಿಗ್ಗಲು ಜಾಗ ಕೊಡುತ್ತದೆ. ನೇರ ತಟ್ಟೆಯ ಹಳೆಯ ಗಾಲಿಗಳು ಈ ವಿಷಯದಲ್ಲಿ ತುಂಬಾ ಕೆಟ್ಟವು. ಹಾಗಂತ ಬಾಗಿದ ತಟ್ಟೆ ಇದೆ ಎಂದು ಧೈರ್ಯವಾಗಿ ಕೂರುವ ಹಾಗೂ ಇಲ್ಲ, ಬಿಸಿ ಮಿತಿ ಮೀರಿದರೆ ಅದೂ ಸೋಲುತ್ತದೆ.

ಪ್ರಶ್ನೆ: ಹಾಗಾದರೆ ಬಿಸಿಗೆ ಸಿಕ್ಕ ಗಾಲಿಯನ್ನು ಗುರುತಿಸುವುದು ಹೇಗೆ?

ಬಣ್ಣ ನೋಡಬೇಕು. ಪೇಂಟು ಸುಟ್ಟು ಗುಳ್ಳೆ ಬಂದಿದೆಯೇ, ರಿಮ್ಮಿನಿಂದ ತಟ್ಟೆಯ ಕಡೆಗೆ ಕೆಂಪು ಕಂದು ಬಣ್ಣ ಹರಡಿದೆಯೇ ಎಂದು. ಗಾಲಿಯ ಒಳಮುಖ, ಹೊರಮುಖ ಎರಡನ್ನೂ ನೋಡಬೇಕು, ಏಕೆಂದರೆ ನಿಜಕ್ಕೂ ಆಳಕ್ಕೆ ಕಾದಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಸಮಾನವಾಗಿ ಕಾಣುತ್ತದೆ. ಆಮೇಲೆ ಉರುಳುವ ಮೈಯ ಮೇಲೆ ಅಡ್ಡಡ್ಡ ಕೂದಲೆಳೆ ಬಿರುಕುಗಳಿವೆಯೇ, ಬ್ರೇಕ್ ಬ್ಲಾಕಿನ ಲೋಹ ಕರಗಿ ಗಾಲಿಗೆ ಮೆತ್ತಿಕೊಂಡಿದೆಯೇ, ಬ್ಲಾಕು ಒಂದೇ ಕಡೆ ಪೂರ್ತಿ ತಿಂದುಹೋಗಿದೆಯೇ ಎಂಬುದು.

ಹಳಿಯ ಪಕ್ಕ ಇನ್‌ಫ್ರಾರೆಡ್ ಸೆನ್ಸರ್‌ಗಳೂ ಇವೆ, ಗಾಡಿ ಹಾದುಹೋಗುವಾಗಲೇ ಪ್ರತಿ ಗಾಲಿಯ ಬಿಸಿ ಅಳೆಯುತ್ತವೆ. ಒಂದು ಆಕ್ಸಲ್‌ನ ಎರಡೂ ಗಾಲಿ ಬಿಸಿಯಾಗಿದ್ದರೆ ಅನುಮಾನ ಬ್ರೇಕಿನ ಮೇಲೆ, ಒಂದು ಬದಿಯ ಬೇರಿಂಗ್ ಮಾತ್ರ ಕಾದಿದ್ದರೆ ಬೇರಿಂಗ್ ಮೇಲೆ. ಒಳ್ಳೆಯ ಸಾಧನ. ಆದರೆ ಎರಡು ಸೆನ್ಸರ್‌ಗಳ ನಡುವಿನ ದೂರದಲ್ಲಿ ಗಾಲಿ ಕಾಯುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಗಾಡಿ ಹೊರಡುವ ಮುಂಚೆ ಒಬ್ಬರು ಉದ್ದಕ್ಕೂ ನಡೆದು ಬ್ಲಾಕುಗಳು ಗಾಲಿ ಬಿಟ್ಟಿವೆಯೇ ಎಂದು ನೋಡುವುದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಪ್ರಶ್ನೆ: ಹಾಳಾದ ಗಾಲಿ ರಿಪೇರಿ ಆಗುತ್ತದೆಯೇ?

ಫ್ಲಾಟ್ ಆದರೆ ಲೇತಿಗೆ ಹಾಕಿ ಮತ್ತೆ ದುಂಡಗೆ ಕಡೆಯಬಹುದು. ತಗ್ಗು 1 ಮಿಲಿಮೀಟರ್ ಇದೆ ಎಂದು 1 ಮಿಲಿಮೀಟರ್ ತೆಗೆದರೆ ಸಾಲದು, ಅದರ ಕೆಳಗಿನ ಮಾರ್ಟೆನ್ಸೈಟ್ ಪದರ, ಬಿರುಕು ಎಲ್ಲ ಹೋಗುವವರೆಗೂ ತೆಗೆಯಬೇಕು. ಆ ಪದರ ಎಷ್ಟು ಗಟ್ಟಿ ಎಂದರೆ ಲೇತಿನ ಟೂಲೇ ಮುರಿಯುವುದುಂಟು. ಆಕ್ಸಲ್‌ಗೆ ಎರಡು ಗಾಲಿ ಬಿಗಿಯಾಗಿ ಕೂತಿರುವುದರಿಂದ ಜೊತೆಯ ಗಾಲಿಯನ್ನೂ ಅದೇ ಅಳತೆಗೆ ಕಡೆಯಬೇಕು. ಒಂದು ಕ್ಷಣದ ಜಾರಾಟಕ್ಕೆ ಎರಡು ಗಾಲಿಯ ಆಯಸ್ಸಿನಲ್ಲಿ ದೊಡ್ಡ ಪಾಲು ಚೂರುಚೂರಾಗಿ ನೆಲಕ್ಕೆ ಬೀಳುತ್ತದೆ.

ಮಿತಿ ಮೀರಿ ಕಾದ ಗಾಲಿಗೆ ಲೇತು ಮದ್ದಲ್ಲ. ಒಳಗಿನ ಎಳೆತ ಮೇಲ್ಮೈ ಕೆರೆದರೆ ಹೋಗುವುದಿಲ್ಲ. ಅದನ್ನು ಗುಜರಿಗೆ ಹಾಕಬೇಕು.

ಪ್ರಶ್ನೆ: ಕಾರಿನ ಎಬಿಎಸ್ ತರಹ ರೈಲಿಗೆ ಏನೂ ಇಲ್ಲವೇ?

ಪ್ರಯಾಣಿಕರ ಈಗಿನ ಬೋಗಿಗಳಲ್ಲಿ ಇದೆ. ಪ್ರತಿ ಆಕ್ಸಲ್‌ನ ವೇಗ ನೋಡುತ್ತಾ, ಒಂದು ಥಟ್ಟನೆ ನಿಧಾನವಾದರೆ ಅದರ ಬ್ರೇಕಿನ ಗಾಳಿ ಕ್ಷಣಕಾಲ ಬಿಡುತ್ತದೆ. ಅಲ್ಲಿ ಡಿಸ್ಕ್ ಬ್ರೇಕು ಇದ್ದರೆ ಬಿಸಿ ಡಿಸ್ಕಿಗೆ ಹೋಗುತ್ತದೆ, ಗಾಲಿಯ ಮೈ ಉಳಿಯುತ್ತದೆ. ಆದರೆ ಗೂಡ್ಸ್ ವ್ಯಾಗನ್‌ಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತೇ ಇರುವುದಿಲ್ಲ, ಬರೀ ಗಾಳಿ ಮತ್ತು ಸರಳುಗಳು.

ಪ್ರಶ್ನೆ: ಓಡುವ ಗೂಡ್ಸ್ ಗಾಡಿಯ ಒಂದು ಗಾಲಿಯಲ್ಲಿ ಹೊಗೆ, ಕಿಡಿ ಕಂಡರೆ ನಾವು ಏನು ಮಾಡಬೇಕು?

ತಕ್ಷಣ ಹತ್ತಿರದ ನಿಲ್ದಾಣಕ್ಕೋ ಗೇಟಿನವರಿಗೋ ರೈಲ್ವೆಯ ಸಹಾಯವಾಣಿಗೋ ತಿಳಿಸಿ. ಯಾವ ಕಡೆಗೆ ಹೋಗುತ್ತಿತ್ತು, ಎಂಜಿನ್ನಿನಿಂದ ಹೆಚ್ಚುಕಡಿಮೆ ಎಷ್ಟನೆಯ ವ್ಯಾಗನ್, ಯಾವ ಬದಿ ಎಂದು ಹೇಳಿದರೆ ಹುಡುಕುವವರಿಗೆ ತುಂಬಾ ಅನುಕೂಲ. ಹಳಿಯ ಹತ್ತಿರ ಹೋಗಬೇಡಿ. ಪಕ್ಕದ ಒಣ ಹುಲ್ಲಿಗೆ ಕಿಡಿ ಬಿದ್ದಿದ್ದರೆ ಅದನ್ನೂ ಹೇಳಿ.

ಗಾಡಿ ನಿಂತಿದ್ದರೂ ಗಾಲಿಗೆ ನೀರು ಮಾತ್ರ ಎರಚಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಕಾದ ಉಕ್ಕು ಒಮ್ಮೆಗೇ ತಣಿದು ಬಿರುಕು ಬಿಡುತ್ತದೆ. ಗಾಡಿಯ ಸಿಬ್ಬಂದಿ ಬಂದು ಆ ವ್ಯಾಗನ್‌ನ ಬ್ರೇಕನ್ನು ಪೈಪಿನಿಂದ ಬೇರ್ಪಡಿಸಿ, ಸಿಲಿಂಡರಿನ ಗಾಳಿ ಬಿಟ್ಟು, ಬ್ಲಾಕುಗಳು ಸಡಿಲವಾಗಿವೆಯೇ ಎಂದು ಪರೀಕ್ಷಿಸುತ್ತಾರೆ. ಹ್ಯಾಂಡ್ ಬ್ರೇಕೂ ನೋಡುತ್ತಾರೆ. ಗಾಲಿಯ ಕೆಳಭಾಗ ಹಳಿಯ ಮೇಲೆ ಕೂತಿರುವುದರಿಂದ ಗಾಡಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಪೂರ್ತಿ ಸುತ್ತು ನೋಡಬೇಕು. ಬಿರುಕು ಕಂಡರೆ ಅಲ್ಲಿಂದ ಕದಲಿಸುವಂತಿಲ್ಲ. ಕಾಣದಿದ್ದರೆ, ನಿಯಮ ಒಪ್ಪಿದರೆ, ನಿಧಾನಕ್ಕೆ ಮುಂದಿನ ನಿಲ್ದಾಣದವರೆಗೆ ಒಯ್ದು ಆ ವ್ಯಾಗನ್ ಕಳಚಿ ಇಡುತ್ತಾರೆ, ಗಾಲಿ ನೋಡುವವರು ಬರುವ ತನಕ.